ಅಡುಗೆಮನೆ ನಲ್ಲಿ ಬದಲಾಯಿಸೋದಾದ್ರೆ: ನಮ್ಮ ತುಮಕೂರು ಕಡೆ ನೀರಿಗೆ ಯಾವ್ದು ತಡ್ಕೊಳ್ಳುತ್ತೆ, ಎಷ್ಟು ದುಡ್ಡಿಗೆ

ಕಳೆದ ಎರಡು ತಿಂಗಳಲ್ಲಿ ನಮ್ಮ ನೆಂಟರಲ್ಲೇ ಮೂರು ಜನ ಫೋನ್ ಮಾಡಿ ಒಂದೇ ಮಾತು ಕೇಳಿದ್ರು. ಸಿಂಕಿನ ನಲ್ಲಿ ಕೆಟ್ಟಿದೆ, ಅಂಗಡಿಗೆ ಹೋದ್ರೆ ಇನ್ನೂರು ರೂಪಾಯಿದೂ ತೋರಿಸ್ತಾರೆ ಐದು ಸಾವಿರದ್ದೂ ತೋರಿಸ್ತಾರೆ, ಯಾವ್ದು ತಗೊಳ್ಳೋದು ಅಂತ. ಒಬ್ರು ಪಾವಗಡದ ನಮ್ಮ ಚಿಕ್ಕಮ್ಮ, ಅವ್ರ ಮನೇಲಿ ಪೂರ್ತಿ ಬೋರ್ ನೀರೇ. ಇನ್ನೊಬ್ಬ ನಮ್ಮಣ್ಣನ ಮಗ, ತುಮಕೂರಿನ ಎಸ್.ಎಸ್. ಪುರಂನಲ್ಲಿ ಸ್ನೇಹಿತರ ಜೊತೆ ಬಾಡಿಗೆ ಮನೇಲಿದಾನೆ. ಮೂರನೇವ್ರು ತಿಪಟೂರಿನ ನಮ್ಮಕ್ಕ, ಅಡುಗೆಮನೆಗೆ ಹೊಸದಾಗಿ ಗ್ರಾನೈಟ್ ಹಾಕಿಸ್ತಿದಾರೆ. ಮೂರು ಜನಕ್ಕೂ ನಾನು ಕೊಟ್ಟ ಉತ್ತರ ಬೇರೆ ಬೇರೆ, ಯಾಕಂದ್ರೆ ಅವ್ರ ನೀರು ಬೇರೆ, ಪ್ರೆಷರ್ ಬೇರೆ, ಕೈಲಿರೋ ದುಡ್ಡು ಬೇರೆ. ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಸರಿಯಾಗಿ ಬಿಡಿಸಿ ಬರೀತಿದೀನಿ.

ನನ್ನನ್ನೇ ಯಾಕೆ ಕೇಳಿದ್ರು ಅಂದ್ರೆ ಕ್ಯಾತಸಂದ್ರದ ನಮ್ಮ ಮನೇಲಿ ಐದು ವರ್ಷದಲ್ಲಿ ಈಗ ಮೂರನೇ ನಲ್ಲಿ ಇರೋದು. ಮೊದಲನೇದು ಮನೆ ಕಟ್ಟಿಸಿದಾಗಿನ ಹಿತ್ತಾಳೆ ನಲ್ಲಿ, ನಾಲ್ಕೈದು ಸುತ್ತು ತಿರುಗಿಸಿ ಬಿಗಿ ಮಾಡೋದು. ಅದು ತೊಟ್ಟಿಕ್ಕೋಕೆ ಶುರು ಮಾಡ್ತು. ಒಂದು ರಾತ್ರಿ ಹತ್ತು ಗಂಟೆಗೆ ಅದರ ಕೆಳಗೆ ಚೆಂಬು ಇಟ್ಟು ಮಲಗಿದೆ, ಬೆಳಗ್ಗೆ ಆರಕ್ಕೆ ಎದ್ದು ನೋಡಿದ್ರೆ ಚೆಂಬು ತುಂಬಿ ಹೊರಗೆ ಚೆಲ್ಲಿತ್ತು. ಸೆಕೆಂಡಿಗೆ ಒಂದು ಹನಿ ಅಂದ್ಕೊಂಡ್ರೂ ದಿನಕ್ಕೆ ನಾಲ್ಕು ಲೀಟರ್ ಮೇಲೆ ಹೋಗುತ್ತೆ, ನೀರು ಬಿಡೋ ದಿನಕ್ಕೆ ಕಾಯೋ ಊರಲ್ಲಿ ಅದನ್ನ ನೋಡ್ಕೊಂಡು ಸುಮ್ನಿರೋಕೆ ಆಗಲ್ಲ.

ಆಗ ಅದನ್ನ ಕಿತ್ತು ಹಾಕಿಸಿ 650 ರೂಪಾಯಿ ಕೊಟ್ಟು ಪಳಪಳ ಹೊಳೆಯೋ ಒಂದು ನಲ್ಲಿ ತಂದೆ, ಮೇಲೆ ಹೆಸರು ಇರ್ಲಿಲ್ಲ, ಐಎಸ್‌ಐ ಗುರುತೂ ಇರ್ಲಿಲ್ಲ. ಒಂದು ವರ್ಷ ಕಳೆದ ಮೇಲೆ ಮೂತಿ ಹತ್ರ ಕ್ರೋಮ್ ಎದ್ದು ಗುಳ್ಳೆ ಗುಳ್ಳೆ ಆಯ್ತು, ಅದಾಗಿ ಸ್ವಲ್ಪ ದಿನಕ್ಕೆ ಅತ್ತೆಯವ್ರು ಮುದ್ದೆ ಪಾತ್ರೆ ತೊಳೀವಾಗ ಮೂತಿ ಆ ಕಡೆ ತಳ್ಳಿದ್ರು ಅಷ್ಟೆ, ಗೋಡೆ ಹತ್ರ ಥ್ರೆಡ್ಡಲ್ಲೇ ಮುರಿದು ಇಡೀ ನಲ್ಲಿ ಕೈಗೆ ಬಂತು. ಓಡಿಹೋಗಿ ತಾರಸಿ ಮೇಲಿನ ಗೇಟ್ ವಾಲ್ವ್ ಬಂದ್ ಮಾಡೋ ಹೊತ್ತಿಗೆ ಅರ್ಧ ಟ್ಯಾಂಕ್ ಖಾಲಿ. ಮುರಿದ ತುಂಡು ಗೋಡೆ ಒಳಗೆ ಪೈಪ್ ತಿರುಗೋ ಎಲ್ಬೋದಲ್ಲೇ ಸಿಕ್ಕಾಕೊಂಡಿತ್ತು, ತೆಗೆಯೋಕೆ ಪ್ಲಂಬರ್ ಒಂದು ಟೈಲ್ಸ್ ಒಡೀಬೇಕಾಯ್ತು, ಅದಕ್ಕೇ 1,400 ರೂಪಾಯಿ. ಮುರಿದ ಜಾಗನ ಬೆಳಕಿಗೆ ಹಿಡಿದು ನೋಡಿದ್ರೆ ಒಳಗೆ ಹಳದಿ ಇಲ್ಲ, ಬೂದಿ ಬಣ್ಣ, ರವೆ ಒತ್ತಿ ಕೂರಿಸಿದ ಹಾಗೆ ಕಾಳು ಕಾಳು. ಅದು ಹಿತ್ತಾಳೆನೇ ಅಲ್ಲ, ಸತುವಿನ ಮಿಶ್ರಲೋಹದ ಎರಕ, ಮೇಲೆ ಕ್ರೋಮ್ ಬಳಿದಿದ್ದು. ಈಗಿರೋದು ಮೂರನೇದು, ಅದರ ಮಾತು ಮುಂದೆ ಬರುತ್ತೆ.

ಅಂಗಡಿಗೆ ಹೋಗೋಕೆ ಮುಂಚೆ ಮನೇಲೇ ನೋಡ್ಕೊಳ್ಳೋದು

ಮೊದಲನೇದು ನೀರು. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು ಒಂದು ಥರ, ಬೋರ್ ನೀರು ಇನ್ನೊಂದು ಥರ, ಸುಮಾರು ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತೆ. ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ, ನೀರು ಆರಿದ ಜಾಗದಲ್ಲಿ ಅದೇ ಬಿಳೀ ಸುಣ್ಣದ ಥರ ಕೂರೋದು. ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲಾಂದ್ರೆ 600ರವರೆಗೆ ಪರವಾಗಿಲ್ಲ ಅಂತ ಇದೆ. ಟೆಸ್ಟ್ ಮಾಡಿಸದಿದ್ರೂ ಮನೇಲೇ ಅಂದಾಜು ಸಿಗುತ್ತೆ, ಸ್ಟೀಲ್ ಲೋಟ ತೊಳೆದು ಒರೆಸದೆ ಬೋರಲು ಹಾಕಿ ಆರಿದ್ಮೇಲೆ ಬಿಳೀ ಚುಕ್ಕೆ ಉಳೀತಾ ನೋಡಿ, ಬಟ್ಟೆಗೆ ಸೋಪು ಎಷ್ಟು ತಿಕ್ಕಿದ್ರೂ ನೊರೆ ಬರ್ತಿಲ್ವಾ ನೋಡಿ. ಜೊತೆಗೆ ಬಕೆಟ್ಟಿನ ತಳದಲ್ಲಿ ಸಣ್ಣ ಮರಳು ಕೂರುತ್ತಾ ಅನ್ನೋದನ್ನೂ ನೋಡಿ, ಇದು ಆಮೇಲೆ ತುಂಬಾ ಮುಖ್ಯ ಆಗುತ್ತೆ.

ಎರಡನೇದು ಪ್ರೆಷರ್. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ರೆ ಒಂದು ಬಾರ್ ಒತ್ತಡ. ನಮ್ಮ ಥರ ಒಂದೇ ಅಂತಸ್ತಿನ ಮನೇಲಿ ತಾರಸಿ ಮೇಲೆ ಟ್ಯಾಂಕ್ ಇದ್ರೆ ಸಿಂಕಿನ ನಲ್ಲಿಗೆ ಸಿಗೋ ಎತ್ತರ ಸುಮಾರು ಮೂರು ಮೀಟರ್, ಅಂದ್ರೆ 0.3 ಬಾರ್ ಅಷ್ಟೇ. ವಿಡಿಯೋದಲ್ಲಿ ನೊರೆನೊರೆಯಾಗಿ, ಶವರ್ ಥರ ಚೆಂದವಾಗಿ ಬೀಳೋ ನಲ್ಲಿಗಳಲ್ಲಿ ಎಷ್ಟೋ ಒಂದು ಬಾರ್ ಅಥವಾ ಅದಕ್ಕಿಂತ ಜಾಸ್ತಿ ಒತ್ತಡಕ್ಕೆ ಮಾಡಿದವು. ಹತ್ತು ಲೀಟರ್ ಬಕೆಟ್ ಇಟ್ಟು ನಲ್ಲಿ ಪೂರ್ತಿ ಬಿಟ್ಟು ಮೊಬೈಲಲ್ಲಿ ಟೈಮ್ ನೋಡಿ. ಒಂದು ನಿಮಿಷದೊಳಗೆ ತುಂಬಿದ್ರೆ ಯಾವ ನಲ್ಲಿ ಹಾಕಿದ್ರೂ ನಡೆಯುತ್ತೆ. ಎರಡು ನಿಮಿಷ ದಾಟಿದ್ರೆ ಸ್ಪ್ರೇ, ಮೂತಿ ಎಳೆದು ತೊಳೆಯೋ ಪುಲ್‌ಔಟ್, ಸಣ್ಣ ಜಾಲರಿ ಇರೋದು ಬೇಡವೇ ಬೇಡ, ಪಾತ್ರೆ ಗಲಬರಿಸೋಕೂ ನೀರು ಸಾಲಲ್ಲ.

ಮೂರನೇದು ಪೈಪ್ ಎಲ್ಲಿಂದ ಬಂದಿದೆ ಅನ್ನೋದು. ನಮ್ಮ ಕಡೆ ಹಳೇ ಮನೆಗಳಲ್ಲಿ ಮುಕ್ಕಾಲು ಪಾಲು ಗೋಡೆಯಿಂದಲೇ ಬಂದಿರುತ್ತೆ, ಅದಕ್ಕೆ ಬೇಕಾಗಿರೋದು ಅಂಗಡೀಲಿ ಸಿಂಕ್ ಕಾಕ್ ಅಂತ ಕರೆಯೋದು. ಸಿಂಕಿನ ಮೇಲೆ ಅಥವಾ ಗ್ರಾನೈಟ್ ಮೇಲೆ ತೂತಿದ್ದು ಕೆಳಗಿಂದ ಕನೆಕ್ಷನ್ ಪೈಪ್ ಬಂದಿದ್ರೆ ಹಂಸದ ಕತ್ತಿನ ಥರ ಬಾಗಿರೋ ಸ್ವಾನ್ ನೆಕ್. ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ, ಕೂರಿಸಬೇಕು ಅಂದ್ರೆ ಗೋಡೆ ಒಡೀಬೇಕು ಇಲ್ಲಾ ಕಲ್ಲು ಕೊರೀಬೇಕು. ಹಾಗೇ ಟೇಪ್ ತಗೊಂಡು ಗೋಡೆಯಿಂದ ಸಿಂಕಿನ ನಡುವಿಗೆ ಎಷ್ಟು ಇಂಚು ಅಂತ ಅಳೆದು ಬರ್ಕೊಳ್ಳಿ. ಹತ್ತು ಇಂಚು ಬೇಕಾದ ಕಡೆ ಆರು ಇಂಚಿನ ಮೂತಿ ತಂದ್ರೆ ನೀರು ಸಿಂಕಿನ ಹಿಂದಿನ ಅಂಚಿಗೆ ಬಿದ್ದು ಗೋಡೆಗೆಲ್ಲಾ ಎರಚುತ್ತೆ, ಆ ಜಾಗದಲ್ಲಿ ಪಾಚಿ ಕಟ್ಟುತ್ತೆ. ಎತ್ತರನೂ ಅಷ್ಟೇ, ನಿಮ್ಮನೇಲಿರೋ ದೊಡ್ಡ ಪಾತ್ರೆ, ಮುದ್ದೆ ಪಾತ್ರೆನೋ ತಟ್ಟೆ ಇಡ್ಲಿ ಬೇಯಿಸೋ ಹಂಡೆನೋ, ಸಿಂಕಲ್ಲಿಟ್ಟು ಅದರ ಬಾಯಿಂದ ಮೇಲೆ ಕನಿಷ್ಠ ಒಂದು ಗೇಣು ಜಾಗ ಬಿಟ್ಟು ಮೂತಿ ಬರ್ಬೇಕು, ಇಲ್ಲಾಂದ್ರೆ ಪ್ರತಿ ಸಲ ಪಾತ್ರೆನ ಓರೆ ಮಾಡಿ ತೊಳೆಯೋ ಪಾಡು.

ನಾಲ್ಕನೇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಯಾರೂ ಕೇಳದೇ ಇರೋದೂ ಇದೇ. ಒಳಗಿನ ಸ್ಪಿಂಡಲ್, ಅಂದ್ರೆ ಹಿಡಿ ತಿರುಗಿಸಿದಾಗ ನೀರು ಬಿಡೋ, ನಿಲ್ಲಿಸೋ ಭಾಗ, ನಿಮ್ಮೂರ ಅಂಗಡೀಲಿ ಸಿಗುತ್ತಾ? ನಲ್ಲಿಯಲ್ಲಿ ಮೊದಲು ಸವೆಯೋದು ಹೊರಗಿನ ಮೈಯಲ್ಲ, ಒಳಗಿನ ಸ್ಪಿಂಡಲ್. ನಮ್ಮ ನೀರಿಗೆ ಅದು ಯಾವತ್ತಾದ್ರೂ ಹೋಗೇ ಹೋಗುತ್ತೆ, ಎಷ್ಟೇ ದುಬಾರಿದು ತಂದ್ರೂ. ಅದೊಂದು ಸಿಕ್ಕಿದ್ರೆ ಹತ್ತು ನಿಮಿಷದ ಕೆಲಸ, ಸಿಗದಿದ್ರೆ ಚೆನ್ನಾಗಿರೋ ನಲ್ಲಿನ ಪೂರ್ತಿ ಗುಜರಿಗೆ ಹಾಕ್ಬೇಕು. ಅದಕ್ಕೇ ನಾನು ನಲ್ಲಿ ನೋಡೋಕೆ ಮುಂಚೆ ಅಂಗಡಿಯವ್ರನ್ನ ಕೇಳೋದು, ಅಣ್ಣಾ ಇದರ ಸ್ಪಿಂಡಲ್ ಬಿಡಿಯಾಗಿ ಇಟ್ಟಿದೀರಾ, ಒಂದು ತೆಗೆದು ತೋರಿಸಿ ಅಂತ. ತೋರಿಸಿದ್ರೆ ಮುಂದಿನ ಮಾತು.

ಬದಲಾಯಿಸಲೇಬೇಕಾ?

ನಾನು ಮೊದಲನೇ ನಲ್ಲಿ ಬಿಸಾಕಬಾರದಿತ್ತು ಅಂತ ಆಮೇಲೆ ಗೊತ್ತಾಯ್ತು. ಕಿತ್ತ ಮೇಲೆ ಪ್ಲಂಬರ್ ಅದನ್ನ ಬಿಚ್ಚಿ ತೋರಿಸಿದ್ರು, ಮೈ ಗಟ್ಟಿಯಾಗಿತ್ತು, ಸ್ಪಿಂಡಲ್ ತುದೀಲಿರೋ ರಬ್ಬರ್ ವಾಷರ್ ಒಂದೇ ಕಲ್ಲಾಗಿ ಸೀಳಿತ್ತು, ಹತ್ತು ರೂಪಾಯಿ ಸಾಮಾನು. ಹಾಗಾಗಿ ಎಲ್ಲಿ ಸೋರುತ್ತೆ ಅಂತ ನೋಡಿ. ಮೂತಿಯ ತುದೀಲಿ ತೊಟ್ಟಿಕ್ತಿದ್ರೆ ವಾಷರ್ ಅಥವಾ ಸ್ಪಿಂಡಲ್. ತಿರುಗೋ ಮೂತಿಯ ಬುಡದಲ್ಲಿ ಒಸರ್ತಿದ್ರೆ ಓ ರಿಂಗ್ ಅನ್ನೋ ರಬ್ಬರ್ ಬಳೆ, ಇದೂ ಹತ್ತಿಪ್ಪತ್ತು ರೂಪಾಯಿದು. ನೀರು ಸಣ್ಣಗೆ ಬರ್ತಿದ್ರೆ ಮೂತಿಯ ತುದೀಲಿರೋ ಜಾಲರಿ ಬಿಚ್ಚಿ ನೋಡಿ, ಸುಣ್ಣ ಮತ್ತೆ ಮರಳು ಕಚ್ಚಿರುತ್ತೆ, ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದ್ರೆ ಮುಗೀತು. ಕಾಲು ಸುತ್ತಿಗೇ ನೀರು ಪೂರ್ತಿ ಬಿಡೋ ಸೆರಾಮಿಕ್ ಸ್ಪಿಂಡಲ್ ಆದ್ರೆ ನೂರರಿಂದ ಮುನ್ನೂರು ರೂಪಾಯಿ ಆಗ್ಬಹುದು, ಆದ್ರೆ ಹಳೇದನ್ನ ಬಿಚ್ಚಿ ಕೈಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಯಾಕಂದ್ರೆ ಉದ್ದನೂ ಬೇರೆ ಬೇರೆ, ತಲೇಲಿರೋ ಹಲ್ಲೂ ಒಂದೊಂದರಲ್ಲಿ 20, ಒಂದೊಂದರಲ್ಲಿ 24, ಹಲ್ಲು ಹೊಂದದಿದ್ರೆ ಹಿಡಿ ಕೂರಲ್ಲ.

ಹೊಸ ವಾಷರ್ ಹಾಕಿದ್ರೂ ತೊಟ್ಟಿಕ್ತಾನೇ ಇದ್ರೆ ಅದು ಕೂರೋ ಸೀಟೇ ಸವೆದು ಗೀರು ಬಿದ್ದಿದೆ ಅಂತ ಅರ್ಥ. ಮೈಯಲ್ಲಿ ಬಿರುಕು ಬಿಟ್ಟಿದ್ರೆ, ಕ್ರೋಮ್ ಸಿಪ್ಪೆ ಎದ್ದು ಪಾತ್ರೆಗೆ ಬೀಳ್ತಿದ್ರೆ, ಆಗ ಬದಲಾಯಿಸೋದೇ ಸರಿ.

ಪ್ಲಾಸ್ಟಿಕ್ ಅಂದ್ರೆ ಮೂಗು ಮುರೀಬೇಡಿ

ಪಿಟಿಎಂಟಿ ಅಂತ ಬರುತ್ತೆ, ಬಿಳೀದು ಜಾಸ್ತಿ, ವಾಟರ್‌ಟೆಕ್, ಪ್ರಯಾಗ್ ಥರದ ಕಂಪನಿಗಳದ್ದು. ಮಾಮೂಲಿ ಪ್ಲಾಸ್ಟಿಕ್ ಅಲ್ಲ ಇದು, ಗಟ್ಟಿ ಇಂಜಿನಿಯರಿಂಗ್ ಪ್ಲಾಸ್ಟಿಕ್. ನಾನು ಮಂಡಿಪೇಟೆ, ಬಿ.ಎಚ್. ರಸ್ತೆ ಕಡೆ ಅಂಗಡಿ ಸುತ್ತಿದಾಗ ತಿರುಗೋ ಮೂತಿಯ ಸಿಂಕ್ ಕಾಕ್ 200ರಿಂದ 450ರ ಒಳಗೆ ಹೇಳಿದ್ರು. ತುಕ್ಕು ಹಿಡಿಯಲ್ಲ, ಸುಲಿಯೋಕೆ ಕ್ರೋಮೇ ಇಲ್ಲ, ಸುಣ್ಣ ಕೂತ್ರೂ ಉಗುರಲ್ಲಿ ಕೆರೆದ್ರೆ ಬರುತ್ತೆ. ಗಡಸು ನೀರಿಗೆ ಕಮ್ಮಿ ದುಡ್ಡಲ್ಲಿ ಇದಕ್ಕಿಂತ ನಂಬಿಕಸ್ಥ ಸಾಮಾನು ಇಲ್ಲ ಅಂತಲೇ ನಾನು ಹೇಳ್ತೀನಿ. ಇದಕ್ಕೂ ಭಾರತೀಯ ಮಾನಕ ಇದೆ, ಐಎಸ್ 9763, ಡಬ್ಬದ ಮೇಲೆ ನೋಡಿ ತಗೊಳ್ಳಿ.

ಕೊರತೆ ಏನು ಅಂದ್ರೆ ಥ್ರೆಡ್ ಪ್ಲಾಸ್ಟಿಕ್ಕಿಂದು, ಸ್ಪ್ಯಾನರ್ ಹಾಕಿ ಎಳೆದು ಬಿಗಿ ಮಾಡಿದ್ರೆ ಹಾಳಾಗುತ್ತೆ, ಕೈಯಲ್ಲಿ ತಿರುಗಿಸಿ ಕೊನೇ ಅರ್ಧ ಸುತ್ತು ಮಾತ್ರ ಸ್ಪ್ಯಾನರ್. ಭಾರದ ಹಂಡೆ ಬಡಿದ್ರೆ ಮೂತಿ ಮುರೀಬಹುದು. ಸೋಲಾರ್ ಬಿಸಿನೀರಿನ ಲೈನಿಗೆ ಇದನ್ನ ಹಾಕ್ಬೇಡಿ, ಬೇಸಿಗೆಲಿ ಮಧ್ಯಾಹ್ನ ಸೋಲಾರ್ ನೀರು ಕೈ ಸುಡುತ್ತೆ, ತಣ್ಣೀರಿಗೆ ಅಂತ ಮಾಡಿದ ನಲ್ಲಿ ಅಷ್ಟು ಬಿಸಿಗೆ ಮೆತ್ತಗಾಗಿ ಸೋರೋಕೆ ಶುರುವಾಗುತ್ತೆ. ಇನ್ನು ನೋಡೋಕೆ ಬಚ್ಚಲುಮನೆ ನಲ್ಲಿ ಥರ ಇದೆ ಅಂತ ನಮ್ಮ ಅತ್ತೆ ಒಪ್ಪಲಿಲ್ಲ, ದಿನಾ ಆ ನಲ್ಲಿ ಮುಂದೆ ನಿಲ್ಲೋರು ಅವ್ರು, ಅವ್ರ ಮಾತಿಗೂ ಬೆಲೆ ಇದೆ.

ಹೊಳೆಯೋ ಅಗ್ಗದವು, ಮತ್ತೆ ಸ್ಟೀಲು

400ರಿಂದ 800 ರೂಪಾಯಿ ಮಧ್ಯ ಸಿಗೋ ಕ್ರೋಮ್ ನಲ್ಲಿಗಳ ಬಗ್ಗೆ ನಂಗೆ ಗಟ್ಟಿ ಅಭಿಪ್ರಾಯ ಇದೆ, ಐಎಸ್‌ಐ ಗುರುತಿಲ್ಲದ್ದು ಯಾವ್ದನ್ನೂ ತಗೋಬೇಡಿ. ಪ್ಲಾಸ್ಟಿಕ್ಕಿಗೆ ಕೊಡೋ ದುಡ್ಡಿನ ಎರಡರಷ್ಟು ಕೊಟ್ಟು ಅದರ ಅರ್ಧ ಬಾಳಿಕೆ. ಅಂಗಡೀಲಿ ಅಯಸ್ಕಾಂತ ಹಿಡಿದು, ನೋಡಿ ಅಂಟಲ್ಲ, ಅಸಲಿ ಹಿತ್ತಾಳೆ ಅಂತಾರೆ. ಹಿತ್ತಾಳೆಗೂ ಅಯಸ್ಕಾಂತ ಅಂಟಲ್ಲ, ಸತುವಿಗೂ ಅಂಟಲ್ಲ, ಹಾಗಾಗಿ ಆ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ಗೋಡೆಗೆ ಹೋಗೋ ತುದಿಯನ್ನ ಕಣ್ಣಿನ ಹತ್ರ ಹಿಡಿದು ಒಳಗೆ ಇಣುಕಿ ನೋಡಿ, ಕ್ರೋಮ್ ಒಳಗಿನವರೆಗೂ ಹೋಗಿರಲ್ಲ, ಅಲ್ಲಿ ಹಳದಿ ಕಂಡ್ರೆ ಹಿತ್ತಾಳೆ, ಬೂದಿ ಕಂಡ್ರೆ ಸತು. ಆಮೇಲೆ ಅದೇ ಗಾತ್ರದ ಒಳ್ಳೆ ಕಂಪನಿ ನಲ್ಲಿನ ಇನ್ನೊಂದು ಕೈಲಿ ಹಿಡ್ಕೊಳ್ಳಿ, ಹಿತ್ತಾಳೆ ಸತುವಿಗಿಂತ ಭಾರ, ವ್ಯತ್ಯಾಸ ಅಂಗೈಗೇ ಗೊತ್ತಾಗುತ್ತೆ.

ಸ್ಟೀಲ್ ನಲ್ಲಿ ಬೇರೆ ಲೆಕ್ಕ. 304 ಸ್ಟೀಲ್ ಆದ್ರೆ ಒಳ್ಳೇದೇ, ಅದರಲ್ಲಿ ಸುಮಾರು ನೂರಕ್ಕೆ 18 ಕ್ರೋಮಿಯಂ, 8 ನಿಕಲ್ ಇರುತ್ತೆ, ಮೇಲೆ ಲೇಪ ಇಲ್ಲದ್ದರಿಂದ ಸುಲಿಯೋ ತೊಂದ್ರೆ ಇಲ್ಲ, ಮ್ಯಾಟ್ ಫಿನಿಶ್ ಆದ್ರೆ ನೀರಿನ ಕಲೆನೂ ಅಷ್ಟಾಗಿ ಎದ್ದು ಕಾಣಲ್ಲ. ಕಷ್ಟ ಇರೋದು ಗುರುತಿಸೋದ್ರಲ್ಲಿ, ನಿಕಲ್ ಕಮ್ಮಿ ಹಾಕಿದ 202ಕ್ಕೂ 304 ಅಂತ ಚೀಟಿ ಅಂಟಿಸಿ ಮಾರೋರು ಇದಾರೆ, ಎರಡಕ್ಕೂ ಅಯಸ್ಕಾಂತ ಗಟ್ಟಿಯಾಗಿ ಹಿಡಿಯಲ್ಲ, ಕಣ್ಣಿಗೂ ಒಂದೇ ಥರ. ಹಾಗಾಗಿ ಸ್ಟೀಲ್ ತಗೊಳ್ಳೋದಾದ್ರೆ ಹೆಸರಿರೋ ಕಂಪನಿದು, ಬಿಲ್ಲಲ್ಲಿ 304 ಅಂತ ಬರೆಸಿ ತಗೊಳ್ಳಿ, ಇಲ್ಲಾಂದ್ರೆ ಬಿಡಿ.

ಹಿತ್ತಾಳೆ ಸಿಂಕ್ ಕಾಕ್

ನಮ್ಮನೇಲಿ ಈಗಿರೋದು ಇದು, ಗೋಡೆಗೆ ಕೂರೋದು, ತಿರುಗೋ ಉದ್ದ ಮೂತಿ, ಕಾಲು ಸುತ್ತಿನ ಹಿಡಿ. ಜಾಗ್ವಾರ್, ಅವರದ್ದೇ ಕಮ್ಮಿ ಬೆಲೆಯ ಎಸ್ಕೋ, ಪ್ಯಾರಿವೇರ್, ಹಿಂಡ್‌ವೇರ್, ಸೆರಾ, ಇವೆಲ್ಲಾ ತುಮಕೂರಲ್ಲಿ ಕೇಳಿದ ಕಡೆ ಸಿಗ್ತವೆ. ಕಮ್ಮಿ ಸರಣಿದು ಸಾವಿರದ ಆಸುಪಾಸಿನಿಂದ ಶುರು, 1,800 ಕೊಟ್ರೆ ಒಳ್ಳೇದೇ ಬರುತ್ತೆ, ನಾವು ಕೊಟ್ಟಿದ್ದು 1,350. ಡಬ್ಬದ ಮೇಲಿನ ಬೆಲೆಗೂ ಅಂಗಡಿಯವ್ರು ಬಿಡೋ ಬೆಲೆಗೂ ಸುಮಾರು ವ್ಯತ್ಯಾಸ ಇರುತ್ತೆ, ಮೂರು ಕಡೆ ಕೇಳಿ. ಹಿತ್ತಾಳೆ ನಲ್ಲಿಗಳ ಮಾನಕ ಐಎಸ್ 8931, ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ, ಅದನ್ನ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದ್ರೆ ಯಾವ ಕಂಪನಿದು ಅಂತ ಅಲ್ಲೇ ತೋರಿಸುತ್ತೆ, ಅಂಗಡೀಲಿ ನಿಂತ್ಕೊಂಡೇ ಒಂದು ನಿಮಿಷದ ಕೆಲಸ.

ಇದರೊಳಗೆ ಎರಡು ಥರ, ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ. ಕಾಲು ಸುತ್ತಿನದರಲ್ಲಿ ಒಳಗೆ ಎರಡು ಸೆರಾಮಿಕ್ ಬಿಲ್ಲೆ ಒಂದರ ಮೇಲೊಂದು ಅಂಟ್ಕೊಂಡು ಜಾರುತ್ತೆ, ತೂತು ತೂತಿಗೆ ಎದುರಾದ್ರೆ ನೀರು, ಸರಿದ್ರೆ ಬಂದ್. ಒಂದು ಬೆರಳಲ್ಲಿ ತಿರುಗಿಸಬಹುದು, ಅತ್ತೆಗೆ ಬೆರಳ ಗಂಟು ನೋವು, ಹಳೇ ನಲ್ಲಿನ ಬಿಗಿ ಮಾಡೋಕಾಗದೇ ಅರ್ಧಕ್ಕೇ ಬಿಡ್ತಿದ್ರು, ಈಗ ಮೊಣಕೈಲಿ ತಳ್ಳಿ ಬಂದ್ ಮಾಡ್ತಾರೆ, ಹಿಟ್ಟು ಮೆತ್ತಿದ ಕೈ ಇದ್ರೂ ನಡೆಯುತ್ತೆ. ಆದ್ರೆ ಬೋರ್ ನೀರಿನ ಸಣ್ಣ ಮರಳು ಆ ಎರಡು ಬಿಲ್ಲೆ ಮಧ್ಯ ಸಿಕ್ಕಾಕೊಂಡ್ರೆ ಗೀರು ಬೀಳುತ್ತೆ, ಗೀರು ಬಿದ್ರೆ ತೊಟ್ಟಿಕ್ಕುತ್ತೆ, ರಿಪೇರಿ ಇಲ್ಲ, ಸ್ಪಿಂಡಲ್ಲೇ ಬದಲಾಯಿಸ್ಬೇಕು. ಹಳೇ ಥರದ ನಾಲ್ಕೈದು ಸುತ್ತಿಂದು, ರಬ್ಬರ್ ವಾಷರ್ ಇರೋದು, ಮರಳಿಗೆ ಅಷ್ಟು ಹೆದರಲ್ಲ, ರಬ್ಬರ್ ಮೆತ್ತಗೆ ಒತ್ಕೊಂಡು ಕೂರುತ್ತೆ, ಹಾಳಾದ್ರೆ ಹತ್ತು ರೂಪಾಯಿ, ಮನೇಲೇ ಹಾಕ್ಕೋಬಹುದು. ಅದಕ್ಕೆ ಬಕೆಟ್ ತಳದಲ್ಲಿ ಮರಳು ಕಾಣೋ ಮನೆಗಳಿಗೆ ಇವತ್ತಿಗೂ ಹಳೇ ಥರದ್ದೇ ವಾಸಿ, ಅಂಗಡಿಯವ್ರು ಹಳೇ ಮಾಲು ಅಂತ ಹೇಳಿದ್ರೂ ಕೇಳಿ ತೆಗೆಸ್ಕೊಳ್ಳಿ. ಮರಳಿಲ್ಲ, ಬರೀ ಗಡಸು ನೀರು ಅನ್ನೋರಿಗೆ ಕಾಲು ಸುತ್ತಿನದು.

ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಸೇರಿರೋದು ಮಾಮೂಲು. ರಾತ್ರಿಯೆಲ್ಲಾ ನಲ್ಲಿಯೊಳಗೆ ನಿಂತ ನೀರನ್ನ ಬೆಳಗ್ಗೆ ಎದ್ದ ತಕ್ಷಣ ಕಾಫಿಗೆ ಹಿಡೀಬೇಡಿ, ಮೊದಲ ಒಂದೆರಡು ಲೋಟ ಗಿಡಕ್ಕೆ ಹಾಕಿ ಆಮೇಲೆ ಹಿಡ್ಕೊಳ್ಳಿ.

ಸ್ವಾನ್ ನೆಕ್, ಮಿಕ್ಸರ್, ಪುಲ್‌ಔಟ್

ಇವು ನೋಡೋಕೆ ಚೆಂದ, ಎತ್ತರ ಚೆನ್ನಾಗಿ ಸಿಗುತ್ತೆ, ಎರಡು ಬೌಲಿನ ಸಿಂಕಿಗೆ ತುಂಬಾ ಅನುಕೂಲ. ಸ್ವಾನ್ ನೆಕ್ ಒಂದೇ ಲೈನಿಂದು 1,200ರಿಂದ 2,500, ಬಿಸಿ ತಣ್ಣಗೆ ಎರಡೂ ಬರೋ ಮಿಕ್ಸರ್ ಒಳ್ಳೇದು ಬೇಕು ಅಂದ್ರೆ ಮೂರು ಸಾವಿರದ ಮೇಲೇ. ಮಿಕ್ಸರಿಗೆ ಅಡುಗೆಮನೆವರೆಗೂ ಬಿಸಿನೀರಿನ ಪೈಪ್ ಬಂದಿರ್ಬೇಕು, ಸೋಲಾರ್ ಲೈನ್ ಬಚ್ಚಲುಮನೆಗೇ ನಿಂತಿದ್ರೆ ಸುಮ್ನೆ ದುಡ್ಡು ದಂಡ. ಕೆಳಗೆ ಬರೋ ಕನೆಕ್ಷನ್ ಪೈಪ್, ಆಂಗಲ್ ಕಾಕ್ ಇವೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ, ಅದೇ ಐನೂರು ಆರುನೂರು ಆಗುತ್ತೆ, ಆದ್ರೆ ಆಂಗಲ್ ಕಾಕ್ ಇದ್ರೆ ನಲ್ಲಿ ರಿಪೇರಿಗೆ ತಾರಸಿ ಹತ್ತೋ ಕೆಲಸ ಇಲ್ಲ, ಸಿಂಕ್ ಕೆಳಗೇ ಬಂದ್ ಮಾಡ್ಬಹುದು.

ಎಳೆದು ತೊಳೆಯೋ ಪುಲ್‌ಔಟ್ ನಲ್ಲಿನ ನಮ್ಮಂಥ ಮನೆಗಳಿಗೆ ನಾನು ಹೇಳೋದೇ ಇಲ್ಲ. 0.3 ಬಾರಿಗೆ ಅದು ಸರಿಯಾಗಿ ಕೆಲಸ ಮಾಡಲ್ಲ, ಸ್ಪ್ರೇ ತೂತುಗಳಿಗೆ ಸುಣ್ಣ ಕಟ್ಟುತ್ತೆ, ಒಳಗಿನ ಪೈಪ್ ಹೋದ್ರೆ ಅದೇ ಕಂಪನಿದೇ ಬೇಕು. ಮುದ್ದೆ ಪಾತ್ರೆಗೆ ಕಚ್ಚಿದ ಸೀಕಲು ತೆಗೆಯೋಕೆ ಬೇಕಾಗಿರೋದು ಜೋರಾಗಿ ಒಂದೇ ಕಡೆ ಬೀಳೋ ದಪ್ಪ ಧಾರೆ.

ಮೂತಿಗೆ ಸಿಕ್ಕಿಸೋ ಸಣ್ಣ ಫಿಲ್ಟರ್ ಮಾರ್ತಾರಲ್ಲ, ಅದರಿಂದ ಮರಳು, ಕಸ ನಿಲ್ಲಬಹುದು ಅಷ್ಟೆ. ಗಡಸುತನ ಹೋಗಲ್ಲ, ಪಾವಗಡ, ಶಿರಾ ಕಡೆ ಬೋರ್ ನೀರಲ್ಲಿ ಕಾಡೋ ಫ್ಲೋರೈಡೂ ಹೋಗಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೇ ಆಗಬಾರದು, ಅದಕ್ಕೆ ಆರ್‌ಒ ಅಥವಾ ಊರಿನ ಶುದ್ಧ ನೀರಿನ ಘಟಕವೇ ದಾರಿ, ನಲ್ಲಿ ಅಲ್ಲ. ಮಕ್ಕಳಿರೋ ಮನೆಯವ್ರು ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ.

ಆ ಮೂರು ಮನೆಗೆ ಏನಾಯ್ತು

ಅಣ್ಣನ ಮಗನಿಗೆ ನಾನು ಹೇಳಿದ್ದು, ಲೋ, ನೀನು ಇನ್ನೊಂದು ವರ್ಷದಲ್ಲಿ ಆ ಮನೆ ಬಿಡೋನು, ಮೊದ್ಲು ಓನರ್ ಅಂಕಲ್‌ಗೆ ಹೇಳು, ಅವ್ರು ಮಾಡಿಸಲ್ಲ ಅಂದ್ರೆ ಇನ್ನೂರೈವತ್ತರ ಪಿಟಿಎಂಟಿ ಹಾಕ್ಸು, ಹಳೇ ನಲ್ಲಿನ ಮಾತ್ರ ಬಿಸಾಕದೆ ಕವರಲ್ಲಿಟ್ಟಿರು, ಅದು ಅವ್ರ ಸಾಮಾನು. ಅವನು ಹಾಗೇ ಮಾಡಿದ, ಥ್ರೆಡ್ಡಿಗೆ ಸುತ್ತೋ ಟೆಫ್ಲಾನ್ ಟೇಪ್ ಸೇರಿ 290ಕ್ಕೆ ಮುಗೀತು, ತಾನೇ ಹಾಕ್ಕೊಂಡ.

ತಿಪಟೂರಿನ ಅಕ್ಕನ ಮನೇಲಿ ಟ್ಯಾಂಕ್ ಎರಡು ಅಂತಸ್ತು ಮೇಲಿದೆ, ಪ್ರೆಷರ್ ಚೆನ್ನಾಗಿದೆ, ಹೇಗೂ ಗ್ರಾನೈಟ್ ಕೊರೀತಾರೆ, ಸೋಲಾರ್ ಲೈನ್ ಪಕ್ಕದ ಬಚ್ಚಲುಮನೆ ಗೋಡೆವರೆಗೂ ಬಂದಿದೆ. ಅವ್ರಿಗೆ ಈಗಲೇ ಬಿಸಿನೀರಿನ ಪೈಪ್ ಒಂದು ಎಳೆಸಿ ಬಾಯಿ ಮುಚ್ಚಿಸಿಟ್ಟುಬಿಡಿ, ಸದ್ಯಕ್ಕೆ ಹಿತ್ತಾಳೆ ಸ್ವಾನ್ ನೆಕ್ ಹಾಕ್ಸಿ, ದುಡ್ಡಾದಾಗ ಅದೇ ತೂತಿಗೆ ಮಿಕ್ಸರ್ ಕೂರಿಸಬಹುದು ಅಂದೆ. ಅಕ್ಕ ಕಪ್ಪು ಬಣ್ಣದ್ದು ಬೇಕು ಅಂತ ಹಠ ಹಿಡಿದಿದ್ರು, ತಿಪಟೂರು ಬೋರ್ ನೀರಿಗೆ ಕಪ್ಪು ನಲ್ಲಿ ಮೇಲೆ ಬಿಳೀ ಸುಣ್ಣ ದಿನಾ ಎದ್ದು ಕಾಣುತ್ತೆ, ದಿನಾ ಒರೆಸೋಕಾಗುತ್ತಾ ಯೋಚನೆ ಮಾಡಿ ಅಂತ ಹೇಳಿದೀನಿ.

ಚಿಕ್ಕಮ್ಮನದ್ದು ಕಷ್ಟದ ಕೇಸು. ಗಡಸು ನೀರು, ಮರಳೂ ಬರುತ್ತೆ, ಟ್ಯಾಂಕ್ ತಗ್ಗಲ್ಲಿದೆ, ಹತ್ತು ಲೀಟರ್ ಬಕೆಟ್ ತುಂಬೋಕೆ ಎರಡೂಕಾಲು ನಿಮಿಷ. ಅವ್ರಿಗೆ ಎರಡೇ ದಾರಿ, ಒಂದು ಪಿಟಿಎಂಟಿ ಹಾಕಿ ಮೂರ್ನಾಲ್ಕು ವರ್ಷಕ್ಕೊಂದ್ಸಲ ಬದಲಾಯಿಸ್ತಾ ಹೋಗೋದು, ಇನ್ನೊಂದು ವಾಷರ್ ಇರೋ ಹಳೇ ಥರದ ಹಿತ್ತಾಳೆ ಸಿಂಕ್ ಕಾಕ್ ಹಾಕಿ ಜೊತೆಗೆ ನಾಲ್ಕು ವಾಷರ್ ತಂದು ಡ್ರಾಯರಲ್ಲಿ ಇಟ್ಕೊಳ್ಳೋದು. ಚಿಕ್ಕಪ್ಪನಿಗೆ ಸ್ಪ್ಯಾನರ್ ಹಿಡಿಯೋಕೆ ಬರುತ್ತೆ ಅಂತ ಎರಡನೇದು ಆರಿಸ್ಕೊಂಡ್ರು. ಮೂತಿ ತುದಿಯ ಜಾಲರಿ ತೆಗೆದೇ ಹಾಕಿಸಿದೀವಿ, ಧಾರೆ ಈಗ ದಪ್ಪಗೆ ಬೀಳುತ್ತೆ.

ಹಾಕಿಸುವಾಗ

ಮನೆಯ ಪೈಪೆಲ್ಲಾ ಸಾಮಾನ್ಯವಾಗಿ ಅರ್ಧ ಇಂಚು, ಡಬ್ಬದ ಮೇಲೆ 15 ಎಂಎಂ ಅಂತ ಬರೆದಿರೋದು ಅದೇ. ಹಳೇ ನಲ್ಲಿ ಬಿಚ್ಚಿದ್ಮೇಲೆ ಹೊಸದು ಹಾಕೋಕೆ ಮುಂಚೆ ಗೋಡೆ ತೂತಿಗೆ ಬಕೆಟ್ ಹಿಡಿದು ಗೇಟ್ ವಾಲ್ವ್ ಬಿಡಿಸಿ ಅರ್ಧ ಬಕೆಟ್ ನೀರು ಹೋಗಲಿ, ಪೈಪಲ್ಲಿ ಕೂತಿರೋ ಮರಳು, ತುಕ್ಕು ಎಲ್ಲಾ ಬರುತ್ತೆ. ಪ್ಲಂಬರ್ ಆತುರದಲ್ಲಿದ್ರೂ ಇದನ್ನ ಮಾಡಿಸಿ, ಹೊಸ ಸೆರಾಮಿಕ್ ಬಿಲ್ಲೆಗೆ ಮೊದಲ ದಿನವೇ ಗೀರು ಬೀಳೋದು ಇದನ್ನ ಬಿಟ್ಟಿದ್ದಕ್ಕೇ. ಎಲ್ಬೋ ಟೈಲ್ಸಿನ ಒಳಗೆ ಆಳದಲ್ಲಿದ್ರೆ ಥ್ರೆಡ್ ಎರಡು ಸುತ್ತು ಮಾತ್ರ ಹಿಡಿಯುತ್ತೆ, ಅಂಥ ಕಡೆ ಉದ್ದ ಕೂಡಿಸೋ ಎಕ್ಸ್‌ಟೆನ್ಶನ್ ನಿಪ್ಪಲ್ ಕೇಳಿ ಹಾಕ್ಸಿ, ಅದೂ ಹಿತ್ತಾಳೆದೇ ಇರ್ಲಿ. ಟೆಫ್ಲಾನ್ ಟೇಪನ್ನ ಥ್ರೆಡ್ ತಿರುಗೋ ಕಡೆಗೇ ಎಳೆದು ಹತ್ತು ಹನ್ನೆರಡು ಸುತ್ತು, ಉಲ್ಟಾ ಸುತ್ತಿದ್ರೆ ಹಾಕುವಾಗಲೇ ಬಿಚ್ಕೊಳ್ಳುತ್ತೆ. ಸ್ಪ್ಯಾನರಿನ ಬಾಯಿಗೆ ಒಂದು ಬಟ್ಟೆ ಚೂರು ಕೊಡಿ, ಕ್ರೋಮ್ ಮೇಲೆ ಹಲ್ಲಿನ ಗುರುತು ಬೀಳಲ್ಲ. ಪ್ಲಂಬರ್ ಕೂಲಿ ನಮ್ಮ ಕಡೆ ನಲ್ಲಿ ಒಂದಕ್ಕೆ 200ರಿಂದ 400 ಕೇಳ್ತಾರೆ, ಬರೋಕೆ ಮುಂಚೆಯೇ ಮಾತಾಡ್ಕೊಳ್ಳಿ.

ಆಮೇಲೆ ತೊಳೆಯೋಕೆ ಆಸಿಡ್, ಕಕ್ಕಸು ತೊಳೆಯೋ ಲಿಕ್ವಿಡ್ ಮುಟ್ಟಿಸಲೇಬೇಡಿ, ಕ್ರೋಮನ್ನ ತಿಂದು ಹಾಕುತ್ತೆ. ಸುಣ್ಣ ಕೂತ ಕಡೆ ನಿಂಬೆರಸ ಅಥವಾ ವಿನಿಗರ್‌ನಲ್ಲಿ ನೆನೆಸಿದ ಬಟ್ಟೆ ಹತ್ತು ಹದಿನೈದು ನಿಮಿಷ ಸುತ್ತಿ, ಚೆನ್ನಾಗಿ ನೀರು ಹಾಕಿ ಒರೆಸಿದ್ರೆ ಸಾಕು, ಜಾಸ್ತಿ ಹೊತ್ತು ಬಿಡ್ಬೇಡಿ. ಹತ್ತು ವರ್ಷ ವಾರಂಟಿ ಅಂತ ಬರೆದಿದ್ರೆ ಒಳಗಿನ ಸಣ್ಣ ಅಕ್ಷರ ಓದಿ, ಗಡಸು ನೀರಿಂದ ಆದ ಹಾನಿ ಅದಕ್ಕೆ ಸೇರಲ್ಲ ಅಂತ ಇರೋದೇ ಜಾಸ್ತಿ. ಬಿಲ್ಲನ್ನ ಫೋಟೋ ತೆಗೆದಿಟ್ಕೊಳ್ಳಿ, ಆ ಕಾಗದದ ಅಕ್ಷರ ವರ್ಷ ಆಗೋದ್ರೊಳಗೆ ಅಳಿಸಿಹೋಗುತ್ತೆ. ಫೋಟೋ ಜೊತೆಗೆ ಡಬ್ಬದ ಮೇಲಿನ ಮಾಡೆಲ್ ನಂಬರೂ ಬರ್ಲಿ, ಮುಂದೆ ಸ್ಪಿಂಡಲ್ ಕೇಳೋಕೆ ಅದೇ ಬೇಕು.

ಪ್ಲಂಬರ್ ಹೋಗೋಕೆ ಮುಂಚೆ ನಲ್ಲಿ ಬಂದ್ ಮಾಡಿ, ಗೋಡೆ ಹತ್ರ ಫ್ಲೇಂಜ್ ಅನ್ನೋ ದುಂಡು ತಟ್ಟೆ ಸುತ್ತ ಒಣ ಬಟ್ಟೆಲಿ ಒರೆಸಿ ಒಂದು ಚೂರು ನ್ಯೂಸ್‌ಪೇಪರ್ ಸುತ್ತಿಡಿ. ಚಹಾ ಕುಡಿದು ಮುಗಿಸೋವರೆಗೂ ಅವ್ರನ್ನ ಕೂರಿಸ್ಕೊಳ್ಳಿ, ಆಮೇಲೆ ಪೇಪರ್ ತೆಗೆದು ನೋಡಿ. ಒದ್ದೆ ಇಲ್ಲಾಂದ್ರೆ ದುಡ್ಡು ಕೊಟ್ಟು ಕಳಿಸಿ.